ಟಾರ್ಪಾಲಿನ ಹಿಂದಿನ ಮೂಲೆ

ಹಾಲಮ್ಮ ತನ್ನ ಅಂಗಡಿಯ ಸೂರಿನಡಿ ನಿಂತು, ಪಿಕಪ್‌ನಿಂದ ಇಳಿಸಿದ ಮೊದಲ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡಳು. ದಾರಿಯುದ್ದಕ್ಕೂ ಮಳೆ ಸುರಿದಿತ್ತು. ಮಂಡಕ್ಕಿ ಗರಿಗರಿಯಾಗಿಯೇ ಇತ್ತು.

"ದಾರೀಲಿ ಚೀಲ ಬದಲಾಯಿಸಿಲ್ಲ ತಾನೆ?"

"ಹೊಲಿದಿರೋ ಕೆಂಪು ದಾರ ನಿಮ್ದೇ ಅಲ್ವೇನಜ್ಜಿ?" ಎಂದು ಪಿಕಪ್ ಓಡಿಸಿಕೊಂಡು ಬಂದಿದ್ದ ಮರುಳಸಿದ್ದ ನಕ್ಕ.

ಈ ಹುಡುಗನ ಮನೆಯವರು ಅವನಿಗೆ ಅವಳ ಮೊಮ್ಮಗಳನ್ನು ಕೇಳಿ ಕಾಗದ ಬರೆದು ಎರಡು ತಿಂಗಳಾಗಿತ್ತು. ಸಿಹಿ ಮಾತಿನವರ ಮೇಲೆ ಹಾಲಮ್ಮನಿಗೆ ಅನುಮಾನ. ಉತ್ತರ ಬರೆಯದೆ ಮಳೆಗಾಲಕ್ಕೆ ಕಾದು, ತೇವ ತಾಗಿದರೆ ಸಾಕು ಮೆತ್ತಗಾಗುವ ಸರಕನ್ನೇ ಅವನ ಗಾಡಿಗೆ ಹೇರಿಸಿದ್ದಳು.

ಇನ್ನೊಂದು ಹಿಡಿ ಅಗಿದಳು. "ಪರವಾಗಿಲ್ಲ ಕಣೋ. ಸಾಮಾನು ಜೋಪಾನ ಮಾಡೋನು ಹೆಂಡ್ತೀನೂ ಜೋಪಾನ ಮಾಡ್ತಾನೆ. ಒಂದು ಹನೀನೂ ಒಳಗೆ ಬಿಟ್ಟಿಲ್ವಲ್ಲ, ಹೆಂಗೆ ಕಟ್ಟಿದ್ಯೋ?"

"ಹಿಂದಿನ ಮೂಲೇಲಿ ಹಗ್ಗ ಕಟ್ಟೋ ಕೊಂಡಿ ಮುರಿದು ವರ್ಷ ಆತಜ್ಜಿ. ಗಾಳಿಗೆ ಟಾರ್ಪಾಲು ಹಾರಿ ನೀರು ನುಗ್ಗತಿತ್ತು."

"ಮತ್ತೆ ರಿಪೇರಿ ಮಾಡಿಸಿದ್ಯಾ?"

"ರಿಪೇರಿ ಯಾಕೆ? ಅವ್ವ ಇದಾಳಲ್ಲ." ಅವನು ಗಾಡಿಯ ಹಿಂದಕ್ಕೆ ಹೋಗಿ ಟಾರ್ಪಾಲು ತಟ್ಟಿದ. "ಬಿಡವ್ವ ಇನ್ನ. ಇಳಿ."

ಹಿಂದಿನ ಬಾಗಿಲಿಗೆ ಒರಗಿ ಕೂತಿದ್ದ ಮುದುಕಿ ಇಳಿದಳು. ನೆತ್ತಿಯಿಂದ ಸೀರೆಯ ಅಂಚಿನವರೆಗೂ ನೀರು ಸುರಿಯುತ್ತಿತ್ತು. ಟಾರ್ಪಾಲು ಬಿಟ್ಟ ಮೇಲೂ ಬೆರಳುಗಳು ಮಡಿಚಿಕೊಂಡೇ ಇದ್ದವು.

ಹಾಲಮ್ಮ ಅವಳಿಗೆ ಒಣ ಟವೆಲು, ಬಿಸಿ ಚಹಾ ಕೊಟ್ಟಳು. ಆಮೇಲೆ ಒಳಗೆ ಹೋಗಿ, ಎರಡು ತಿಂಗಳಿಂದ ಬರೆಯದಿದ್ದ ಉತ್ತರವನ್ನು ಒಂದೇ ಸಾಲಿನಲ್ಲಿ ಬರೆದು, ಮಳೆಯಲ್ಲೇ ನಡೆದು ಅಂಚೆ ಡಬ್ಬಿಗೆ ಹಾಕಿದಳು: "ನಮ್ಮ ಹುಡುಗಿಯನ್ನು ಕೊಡುವುದಿಲ್ಲ."