ದಿಂಬಿನ ಕೆಳಗಿನ ಪ್ಯಾಕೆಟ್

ಗೋವರ್ಧನ ಚೀಲದಿಂದ ಒಂದೊಂದೇ ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟ. ತೊಂಬತ್ತು ಎಂಎಲ್‌ನ ಪ್ಯಾಕೆಟ್, ಅಗ್ಗದ ವಿಸ್ಕಿ. ಒಟ್ಟು ನಾಲ್ಕು. ಪ್ರತಿಯೊಂದೂ ಧಪ್ ಎಂದು ಕೂತಿತು.

“ಇವು ನನ್ನವಲ್ಲ ಮೇಡಂ,” ಎಂದ. “ಇವಳವು.”

ಯಮುನಾ ಅವನ ಹೆಂಡತಿ ಬಿಂದುವಿನ ಮುಖ ನೋಡಿದಳು. ಬಿಂದು ಪ್ಯಾಕೆಟ್‌ಗಳನ್ನು ನೋಡುತ್ತಿದ್ದಳು. ಇಲ್ಲ ಎನ್ನಲಿಲ್ಲ.

ಹಿರಿಯೂರಿನ ಬಸ್ ನಿಲ್ದಾಣದ ಹಿಂದೆ, ಮೆಡಿಕಲ್ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಯಮುನಾ ಕುಡಿಯುವ ಗಂಡಂದಿರನ್ನೂ ಏಟು ತಿನ್ನುವ ಹೆಂಡತಿಯರನ್ನೂ ಜೊತೆಗೆ ಕೂರಿಸಿ ಮಾತಾಡಿಸುತ್ತಾಳೆ. ಅಲ್ಲಿ ನಿಯಮ ಒಂದೇ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರಬೇಕು. ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಏನೂ ಹೇಳಬಾರದು. ಗಂಡ ಹೆಂಡತಿಯ ನಡುವೆ ಗುಟ್ಟು ಇರಕೂಡದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಬೇಸಿಗೆಯಲ್ಲಿ ಇವರನ್ನು ಕರೆತಂದವಳು ಗೋವರ್ಧನನ ತಾಯಿ ಜಯಕ್ಕ. ಗೂಡ್ಸ್ ಆಟೊ ಓಡಿಸುವ ಮಗ ವಿಪರೀತ ಕುಡಿಯುತ್ತಾನೆ, ಸೊಸೆಗೆ ಹೊಡೆಯುತ್ತಾನೆ ಎಂದು ಅತ್ತಿದ್ದಳು. ಬಿಂದುವನ್ನು ಕೇಳಿದಾಗ ಅವಳು ಹೇಳಿದ್ದು ಕಡಿಮೆ. ಕುಡಿದು ಬಂದರೆ ಹೊಸಿಲ ಬಳಿಯೇ ಬೀಳುತ್ತಾರೆ, ಕಾಲು ಹಿಡಿದು ಒಳಗೆ ಎಳೆದುಕೊಳ್ಳುತ್ತೇನೆ, ಬೆಳಕು ಹರಿಯುವ ತನಕ ಮಿಸುಕುವುದಿಲ್ಲ. ಹೊಡೆಯುವುದು ಯಾವಾಗ ಎಂದರೆ, ಬೆಳಿಗ್ಗೆ ಎಂದಳು. ಅದು ಅಮಲು ಇಳಿದ ಮೇಲಿನ ಸಿಟ್ಟು, ಕುಡಿತ ಹೋದರೆ ಅದೂ ಹೋಗುತ್ತದೆ ಎಂದು ಯಮುನಾ ವಿವರಿಸಿದಳು. ಗೋವರ್ಧನ ತಲೆಯಾಡಿಸಿದ.

ಅವನು ಹಾಲುರಾಮೇಶ್ವರದ ಗುಡಿಗೆ ಹೋಗಿ ಆಣೆ ಇಟ್ಟು ಕುಡಿತ ಬಿಟ್ಟ. ನಿಜವಾಗಿಯೂ ಬಿಟ್ಟ. ಕಣ್ಣಿನ ಕೆಂಪು ಹೋಯಿತು. ಅಂಗಿ ಇಸ್ತ್ರಿ ಕಂಡಿತು. ಹೊಳಲ್ಕೆರೆಯಲ್ಲಿ ನಡೆದ ಕುಡಿತ ಬಿಡಿಸುವ ಸಭೆಯಲ್ಲಿ ಯಮುನಾ ಅವನನ್ನು ವೇದಿಕೆ ಹತ್ತಿಸಿದಾಗ ಹೆಂಗಸರೇ ಹೆಚ್ಚು ಚಪ್ಪಾಳೆ ತಟ್ಟಿದರು. ಹೆಂಡತಿಯ ಮೇಲೆ ಕೈ ಎತ್ತಿದ್ದೀಯಾ ಎಂದು ಯಮುನಾ ಪ್ರತಿ ವಾರ ಬೆಂಚಿನ ಮುಂದೆ ಕೂತು ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದ. ಪಕ್ಕದಲ್ಲಿ ಬಿಂದುವೂ ಇಲ್ಲ ಎನ್ನುತ್ತಿದ್ದಳು.

ಬಿಂದು ಮಾತ್ರ ಇಳಿಯುತ್ತಾ ಹೋದಳು. ಮೊದಲು ಕೈ ತುಂಬ ಹಸಿರು ಗಾಜಿನ ಬಳೆ ಇರುತ್ತಿದ್ದವು. ಈಗ ಎರಡೂ ಕೈಗೆ ಒಂದೊಂದು ಸ್ಟೀಲಿನ ಬಳೆ. ಗಾಜಿನವು ನಿಲ್ಲುತ್ತಿಲ್ಲ ಎಂದು ನಕ್ಕಿದ್ದಳು. ಇನ್ನೊಮ್ಮೆ, ಇಟ್ಟ ಆಣೆಯನ್ನು ವಾಪಸ್ ಪಡೆಯಲು ದಾರಿ ಇದೆಯೇ ಎಂದು ಕೇಳಿದ್ದಳು. ಜೊತೆಗೆ ಬಂದಿದ್ದ ಜಯಕ್ಕ ನಡುವೆ ಬಾಯಿ ಹಾಕಿದ್ದಳು.

“ನೋಡ್ರಿ ಮೇಡಂ, ಗಂಡ ಸರಿಹೋದ್ನಲ್ಲ ಅಂತ ಇವಳಿಗೆ ಬ್ಯಾಸರ ಆಗೈತೆ.”

ಯಮುನಾಳೂ ನಕ್ಕಿದ್ದಳು.

ಈಗ ಪ್ಯಾಕೆಟ್‌ಗಳನ್ನು ನೋಡಿದಾಗ ಯಮುನಾಳಿಗೆ ಎಲ್ಲ ತಾಳೆಯಾಯಿತು. ಸೊರಗಿದ ಮುಖ, ನಡುಗುವ ಬೆರಳು, ಕೇಳಿದ್ದಕ್ಕೆ ತಡವಾಗಿ ಬರುವ ಉತ್ತರ. ಇವನು ಬಿಟ್ಟದ್ದನ್ನು ಇವಳು ಹಿಡಿದಿದ್ದಾಳೆ. ಅಂಥದ್ದು ಆಗುತ್ತದೆ ಎಂದು ಯಮುನಾ ಓದಿದ್ದಳು.

ಎಲ್ಲಿ ಸಿಕ್ಕವು ಎಂದು ಗೋವರ್ಧನನನ್ನು ಕೇಳಿದಳು. ಒಂದು ಶೇವಿಂಗ್ ಡಬ್ಬಿಯಲ್ಲಿತ್ತು ಎಂದ. ಒಂದು ಆಟೊ ಸೀಟಿನ ಕೆಳಗೆ, ಒಂದು ಮಡಚಿಟ್ಟ ಪ್ಯಾಂಟಿನ ಜೇಬಿನಲ್ಲಿ. ಕೊನೆಯದು ತನ್ನ ದಿಂಬಿನ ಅಡಿ.

“ಸಿಕ್ಕಿಬಿದ್ರೆ ನನ್ ತಲೆಗೆ ಕಟ್ಟಾಣ ಅಂತ ನನ್ ಸಾಮಾನಿನಾಗೇ ಇಡ್ತಾಳೆ. ವೈನ್ ಶಾಪಿನೋನೇ ಹೇಳ್ದ, ಸೆರಗು ಹೊದ್ಕಂಡು ಬಂದು ತಗಂಡೋಗ್ತಾಳೆ ಅಂತ.” ಅವನು ದನಿ ಏರಿಸಲಿಲ್ಲ. “ನಾನು ದೇವ್ರಿಗೆ ಮಾತು ಕೊಟ್ಟೋನು. ಕಣ್ಮುಂದೆ ಇದ್ರೂ ಮುಟ್ಟಲಿಲ್ಲ.”

“ಹೌದೇನಮ್ಮಾ ಬಿಂದು? ನೀನೇ ತಂದದ್ದಾ?”

“ಹೂಂ. ನಾನೇ.”

ಯಮುನಾ ಗದರಲಿಲ್ಲ. ಮೆಲ್ಲಗೆ, ಒಳ್ಳೆಯ ಮಾತಿನಲ್ಲೇ ತೀರ್ಮಾನಿಸಿದಳು. ಬಿಂದು ಸದ್ಯಕ್ಕೆ ಗಾರ್ಮೆಂಟ್ಸ್ ಕೆಲಸ ಬಿಡಲಿ. ಒಬ್ಬಳೇ ಹೊರಗೆ ಹೋಗುವುದು ಬೇಡ. ಫೋನು ಗೋವರ್ಧನನ ಬಳಿ ಇರಲಿ, ಮನೆಯ ಬೀಗದ ಕೈಯೂ. ಒಂದು ಕಾಲಕ್ಕೆ ಅವಳು ಅವನನ್ನು ಕಾಯ್ದಿದ್ದಳಲ್ಲ, ಈಗ ಅವನ ಸರದಿ.

“ಕಾಯ್ಕಂತೀನಿ ಮೇಡಂ,” ಎಂದ ಗೋವರ್ಧನ. “ಬಿಟ್ಟಾಗ್ಲಿಂದ ನನಗೆ ನಿದ್ದೆನೂ ಕಮ್ಮಿ.”

ಬಿಂದು ಸ್ಟೀಲಿನ ಬಳೆಯನ್ನು ಮಣಿಕಟ್ಟಿನಲ್ಲಿ ತಿರುಗಿಸಿದಳು. ಕೆಲಸ ಬಿಡೋದು ಬೇಡ ಮೇಡಂ ಎಂದಳು. ಅಷ್ಟೇ ಕೇಳಿದಳು. ನಿನ್ನ ಒಳ್ಳೆಯದಕ್ಕೇ ಎಂದು ಯಮುನಾ ಅವಳ ಭುಜ ತಟ್ಟಿದಳು. ಬಿಂದು ಭುಜವನ್ನು ಹಿಂದಕ್ಕೆಳೆದುಕೊಂಡಳು, ನೋವಾದವಳಂತೆ.

ಆಟೊ ತಿರುಗಿಸಿ ನಿಲ್ಲಿಸುತ್ತೇನೆ, ಬಾ ಎಂದು ಹೇಳಿ ಗೋವರ್ಧನ ಮೆಟ್ಟಿಲಿಳಿದ. ಇಷ್ಟು ತಿಂಗಳಲ್ಲಿ ಆ ಕೋಣೆಯಲ್ಲಿ ಬಿಂದು ಅವನಿಲ್ಲದೆ ನಿಂತದ್ದು ಅದೇ ಮೊದಲು.

ಯಮುನಾ ಕಸದ ಬುಟ್ಟಿಗೆ ಹಾಕಲೆಂದು ಪ್ಯಾಕೆಟ್‌ಗಳನ್ನು ಬಾಚಿಕೊಂಡಳು. ಕೈಗೆ ಭಾರ ತಾಗಿತು. ತಿರುಗಿಸಿ ನೋಡಿದಳು. ನಾಲ್ಕೂ ತುಂಬಿದ್ದವು. ಒಂದರ ಮೂಲೆಯನ್ನೂ ಕತ್ತರಿಸಿರಲಿಲ್ಲ.

“ನೀನು ಕುಡಿದೇ ಇಲ್ಲ,” ಎಂದಳು. “ಮತ್ತೆ ಯಾರಿಗೆ ತಂದೆ?”

ಕೆಳಗೆ ಆಟೊದ ಹಾರ್ನ್ ಕೇಳಿಸಿತು. ಬಿಂದು ಸೆರಗು ಹೊದ್ದುಕೊಂಡು ಬಾಗಿಲಿನತ್ತ ನಡೆದಳು.

“ಅವ್ರಿಗೇ ಮೇಡಂ. ಕುಡಿದ ರಾತ್ರಿ ಮಾತ್ರ ನನ್ ಮೇಲೆ ಅವ್ರ ಕೈ ಏಳ್ತಿರಲಿಲ್ಲ.”