ಮಾತು ಬಿಟ್ಟ ವಾರ

"ಕಣ್ಣು ಯಾವತ್ತಿಂದ ಹೀಗೆ ಹಳದಿಯಾಗಿದೆ?" ಡಾಕ್ಟರಮ್ಮ ಕೇಳಿದ ಪ್ರಶ್ನೆಗೆ ಹೆಂಡತಿ ತಬ್ಬಿಬ್ಬಾದಳು. ಆಸ್ಪತ್ರೆಯ ಮಂಚದಲ್ಲಿ ಗಂಡ ಮೈಮೇಲೆ ಎಚ್ಚರವಿಲ್ಲದೆ ನರಳುತ್ತಿದ್ದ.

"ಗೊತ್ತಿಲ್ಲ ಡಾಕ್ಟ್ರೇ. ಒಂದು ವಾರದಿಂದ ಇವ್ರ ಮುಖಾನೇ ನೋಡಿಲ್ಲ."

"ಬೇರೆ ಇದ್ದೀರಾ?"

"ಅಯ್ಯೋ, ಒಂದೇ ಮನೇಲಿ. ಮಾತು ಬಿಟ್ಟಿದ್ವಿ."

ಜಗಳ ದೊಡ್ಡದೇನಲ್ಲ. ನೆಂಟರ ಎದುರು ಅವಳ ಅಡುಗೆಯನ್ನು ಆಡಿಕೊಂಡಿದ್ದ, ಅವಳು ಮೂತಿ ತಿರುಗಿಸಿದ್ದಳು. ಅಂದಿನಿಂದ ಅವನು ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದ, ಅವಳು ಪಾತ್ರೆ ಕುಕ್ಕಿ ಉತ್ತರ ಕೊಡುತ್ತಿದ್ದಳು. ಗಂಡಹೆಂಡಿರ ಮಧ್ಯೆ ಇದೆಲ್ಲ ಇದ್ದದ್ದೇ.

"ಜ್ವರ ಅಂತ ಗೋಡೆಗೆ ಹೇಳ್ತಿದ್ರು. ಮೀನಖಂಡ ಸಿಡೀತಿದೆ, ನಡೆಯೋಕಾಗಲ್ಲ ಅಂದ್ರು. ನಾನು ನಾಟಕ ಅಂದ್ಕೊಂಡೆ," ಎನ್ನುವಷ್ಟರಲ್ಲಿ ಅವಳಿಗೆ ಅಳು ಒತ್ತರಿಸಿ ಬಂತು.

ಡಾಕ್ಟರಮ್ಮ ಮೀನಖಂಡವನ್ನು ಮೆಲ್ಲಗೆ ಒತ್ತಿದರು. ಅವನು ಕಿಟಾರನೆ ಚೀರಿದ.

"ಏನು ಕೆಲಸ ಇವ್ರದ್ದು?"

"ನೆಲಮಾಳಿಗೆಗೆ ಮಳೆನೀರು ನುಗ್ಗಿದ್ರೆ ಪಂಪು ಹಾಕಿ ತೆಗೀತಾರೆ. ಇಡೀ ದಿನ ಮೊಣಕಾಲುದ್ದ ನೀರಲ್ಲೇ."

"ಪಾದದಲ್ಲಿ ಗಾಯ ಬೇರೆ ಇದೆ. ಮೂತ್ರ ಹೋಗ್ತಿದ್ಯಾ?"

"ನಿನ್ನೆಯಿಂದ ಬಚ್ಚಲ ಕಡೆ ಹೋಗೇ ಇಲ್ಲ."

"ಇಲಿಜ್ವರ ಇರಬೇಕಮ್ಮ. ಇಲಿ ಉಚ್ಚೆ ಬೆರೆತ ನೀರಿಂದ ಬರತ್ತೆ. ಕಿಡ್ನಿ ಕೈಕೊಟ್ಟಿದೆ. ರಿಪೋರ್ಟಿಗೆ ಕಾಯ್ತಾ ಕೂರಲ್ಲ, ಇಂಜೆಕ್ಷನ್ ಈಗಲೇ ಶುರು ಮಾಡ್ತೀವಿ. ಡಯಾಲಿಸಿಸ್ ಕೂಡ ಬೇಕಾಗತ್ತೆ."

"ಉಳೀತಾರಾ?"

"ಮೂತ್ರ ಬರೋಕೆ ಶುರುವಾಗ್ಲಿ, ಆಮೇಲೆ ಧೈರ್ಯವಾಗಿ ಹೇಳ್ತೀನಿ."

ಅಲ್ಲಿಂದ ಅವಳು ಮಂಚದ ಪಕ್ಕ ಬಿಟ್ಟು ಏಳಲಿಲ್ಲ. ವಾರದ ಮಾತನ್ನೆಲ್ಲ ಅವನ ಕಿವಿಗೆ ಸುರಿದಳು. ಬೈದಳು, ಕ್ಷಮಿಸಿ ಅಂದಳು, ಮತ್ತೆ ಬೈದಳು. ನಡುನಡುವೆ ಬಗ್ಗಿ ಮಂಚದ ಕೆಳಗಿನ ಮೂತ್ರದ ಚೀಲ ನೋಡುತ್ತಿದ್ದಳು. ಅದು ಖಾಲಿಯೇ ಇರುತ್ತಿತ್ತು. ಡಯಾಲಿಸಿಸ್‌ಗೆ ಕರೆದೊಯ್ದಾಗ ಬಾಗಿಲ ಹೊರಗೆ ನಿಂತೇ ಇದ್ದಳು.

ಅವನಿಗೆ ಪ್ರಜ್ಞೆ ಬಂದು, ಗಂಜಿ ಕುಡಿಯುವಂತಾದ ಮೇಲೆ ಒಂದು ಬೆಳಿಗ್ಗೆ ಅವಳು ಎಂದಿನಂತೆ ಬಗ್ಗಿದಳು. ಬಗ್ಗಿದವಳು ಅಲ್ಲಿಂದಲೇ ಕೂಗಿದಳು: "ಬಂತು ರೀ! ಬಂತು!"

"ಯಾರಮ್ಮಾ ಬಂದಿದ್ದು?" ಪಕ್ಕದ ಮಂಚದ ಅಜ್ಜ ತಲೆಯೆತ್ತಿದ.

"ನಮ್ಮನೆಯವರಿಗೆ ಉಚ್ಚೆ ಬಂತು ತಾತಾ!"

ಇಡೀ ವಾರ್ಡು ತಿರುಗಿ ನೋಡಿತು. ಗಂಡ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡ. "ಮೆಲ್ಲಗೆ ಹೇಳೇ ಮಾರಾಯ್ತಿ, ಮಾನ ಹೋಗತ್ತೆ."

ಅವಳು ಹೊದಿಕೆ ಸರಿಸಿ ಅವನ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದಳು.

"ಹೋದ್ರೆ ಹೋಗ್ಲಿ ಬಿಡ್ರಿ. ನೀವು ಉಳಿದ್ರಲ್ಲ."