ಬಾವಿಕಟ್ಟೆಯ ಆಶೀರ್ವಾದ

ಮುದುಕಿ ಇವತ್ತೂ ಬಂದು ಕೊಡಕ್ಕೆ ಒದ್ದಳು. ಸೇದಿಟ್ಟ ನೀರೆಲ್ಲ ಅಂಗಳದ ಪಾಲಾಯಿತು. ಊರುಗೋಲಿನಿಂದ ಬಾವಿಕಟ್ಟೆ ಕುಟ್ಟಿ, ಲೇಖಕನ ಮುಖದ ಹತ್ತಿರ ಬಂದು ಅದೇನೋ ಕಿರುಚಿದಳು.

"ಏನಂತೆ ಇವಳ ಗೋಳು?"

ಹೆಂಡತಿ ಬಟ್ಟೆ ಹಿಂಡುತ್ತಿದ್ದಳು. ತಲೆ ಎತ್ತಲಿಲ್ಲ. "ಹರಸ್ತಿದ್ದಾರೆ ಕಣ್ರೀ. ಮೊದಲ ಕೊಡ ಭೂಮಿಗೆ, ಎರಡನೇದು ಮನೆಗಂತೆ. ಹೊರಗಿನವರಾದ್ರೂ ನೀವು ನಮ್ಮವರೇ ಅಂತಿದ್ದಾರೆ."

ಲೇಖಕ ಉಬ್ಬಿಹೋದ. ಮುದುಕಿಗೆ ಕೈಮುಗಿದು ಇನ್ನೊಂದು ಕೊಡ ಸೇದಿದ. ಮುದುಕಿ ಗೊಣಗುತ್ತಾ ಕುರಿಗಳ ಹಿಂದೆ ಹೋದಳು. ಹೊರಗಿನವರು ಬಂದದ್ದು ಅವಳಿಗೆ ಸುತರಾಂ ಹಿಡಿಸಿಲ್ಲ ಎಂದು ಕುರುಡನಿಗೂ ತಿಳಿಯುತ್ತಿತ್ತು. ಪಾಪ, ಗಂಡನ ಮನಸ್ಸು ನೋಯದಿರಲಿ ಎಂದು ಆ ಬೈಗುಳಕ್ಕೆ ಹೆಂಡತಿ ಸಕ್ಕರೆ ಬೆರೆಸುತ್ತಿದ್ದಳು.

ಅವನು ಬರೆಯುತ್ತಿದ್ದದ್ದು ಪರದೇಶದ ಹಳ್ಳಿಯಲ್ಲಿ ಬೇರು ಬಿಟ್ಟ ಕಥೆ. ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಕಲ್ಲಿನ ಮನೆಯನ್ನು ಹುಡುಕಿ ಹಿಡಿದಿದ್ದ. ಬೇರು ಬಿಟ್ಟ ಮಹಾಶಯನಿಗೆ ಆ ಊರಿನ ಭಾಷೆಯಲ್ಲಿ ಉಪ್ಪು ಕೇಳಲೂ ಬರುತ್ತಿರಲಿಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೆಂಡತಿ ಆರೇ ತಿಂಗಳಲ್ಲಿ ಕಲಿತುಬಿಟ್ಟಳು. ಊರವರ ಮಾತೆಲ್ಲ ಅವಳ ಬಾಯಿಂದಲೇ ಅವನ ಹಾಳೆಗೆ ಇಳಿಯಬೇಕು.

ಆದರೆ ಪುಸ್ತಕದಲ್ಲಿ ಅವಳು ಕೋಳಿಗೆ ಹೆದರಿ ಮೇಜು ಹತ್ತಿದ ಪೆದ್ದಿ. ಅದನ್ನು ಅವಳು ನುಂಗಿಕೊಂಡಳು. ಹನ್ನೊಂದನೆಯ ಅಧ್ಯಾಯವನ್ನು ನುಂಗಲಾಗಲಿಲ್ಲ. ಏಳು ತಿಂಗಳಿಗೇ ಹುಟ್ಟಿ ಹೋದ ಮಗು, ಅದರ ಟೋಪಿಗೆ ಅವಳು ಹಾಲು ಕುಡಿಸಲು ನೋಡಿದ್ದು, ಎಲ್ಲ ಅಲ್ಲಿತ್ತು.

"ಅದೊಂದನ್ನ ತೆಗೀರಿ. ಕೈ ಮುಗೀತೀನಿ."

"ಹುಚ್ಚಿ! ಫೋನಲ್ಲಿ ಅಷ್ಟು ಹೇಳಿದ್ದಕ್ಕೇ ಪ್ರಕಾಶಕರು ಅತ್ತುಬಿಟ್ಟರು. ಪುಸ್ತಕದ ಜೀವವೇ ಅದು."

"ಅದು ನನ್ನ ಮಗು ಕಣ್ರೀ. ಊರೆಲ್ಲ ಓದಬೇಕಾ?"

"ಓದಲಿ ಬಿಡೆ. ನಿಂಗೂ ನಾಲ್ಕು ಜನರ ಕನಿಕರ ಸಿಗುತ್ತೆ."

ಅವಳು ಮತ್ತೆ ಕೇಳಲಿಲ್ಲ. ಅವನು ಮಾಡಿದ್ದು ನೀಚ ಕೆಲಸ. ಅದು ಅವನಿಗೆ ಹೊಳೆಯಲೂ ಇಲ್ಲ.

ಇದಾದ ವಾರಕ್ಕೇ ಬೆಟ್ಟದ ಹುಲ್ಲುಗಾವಲಿನಿಂದ ಮುದುಕಿ ಕುರಿ ಇಳಿಸಿಕೊಂಡು ಮೊದಲ ಸಲ ಬಂದದ್ದು. ಆಗಿನಿಂದ ಬೆಳಗಾದರೆ ಅವಳ ಒದೆತ, ಕಿರುಚಾಟ. ಲೇಖಕನಿಗೆ ಹೊಸ ಅಧ್ಯಾಯವೇ ಸಿಕ್ಕಿತು. ಅದರಲ್ಲೂ ಹೆಂಡತಿಯನ್ನು ಬಿಡಲಿಲ್ಲ. ಇದ್ದಕ್ಕಿದ್ದಂತೆ ಬಾವಿ ನೀರು ಒಗ್ಗುವುದಿಲ್ಲವೆಂದು ಸಂತೆಬೀದಿಯ ನಲ್ಲಿಯಿಂದ ಕ್ಯಾನು ಹೊತ್ತು ತರುತ್ತಿದ್ದಳಲ್ಲ, ಅವಳಿಗೆ ನಾಜೂಕು ರಾಣಿ ಎಂದು ಹೆಸರಿಟ್ಟ.

ಮೂರು ತಿಂಗಳಾಗುವಷ್ಟರಲ್ಲಿ ಅವನ ಕೂದಲು ಉದುರತೊಡಗಿತು. ಹೊಟ್ಟೆ ತೊಳಸುತ್ತಿತ್ತು. ಪೆನ್ನು ಹಿಡಿದರೆ ಕೈ ನಡುಗುತ್ತಿತ್ತು. ಟೈಪು ಮಾಡುವುದೆಂದರೆ ಅವನಿಗೆ ತಾತ್ಸಾರ. ಇದ್ದದ್ದು ಕೈಬರಹದ ಒಂದೇ ಪ್ರತಿ. ತಿಂಗಳ ಕೊನೆಗೆ ಅದನ್ನು ಕಳಿಸಬೇಕಿತ್ತು.

"ಡಾಕ್ಟರ ಹತ್ರ ಹೋಗೋಣ್ವಾ?" ಅವಳು ಒಮ್ಮೆ ಕೇಳಿದಳು.

"ಪುಸ್ತಕ ಮುಗೀಲಿ."

"ಹಾಗಾದ್ರೆ ಅದಿರೋವರೆಗೂ ಹೋಗಲ್ಲ ಅನ್ನಿ."

ಅವನು ನಕ್ಕು ಲೋಟ ಚಾಚಿದ. ಅವಳು ಕೊಡದಿಂದ ನೀರು ಬಗ್ಗಿಸಿ ಕೊಟ್ಟಳು. ಅವತ್ತು ಅವನು ಕೊನೆಯ ಸಾಲು ಬರೆದ: 'ಕಡೆಗೂ ಈ ಮಣ್ಣು ನನ್ನನ್ನು ತನ್ನವನೆಂದು ಒಪ್ಪಿಕೊಂಡಿತು.'

ನಾಲ್ಕನೆಯ ದಿನ ಅದೇ ಮಣ್ಣಿನಲ್ಲಿ ಅವನನ್ನು ಹೂತರು. ಎಲ್ಲರೂ ಹೋದ ಮೇಲೆ ಮುದುಕಿ ಅಡುಗೆಮನೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹೆಂಡತಿ ಹನ್ನೊಂದನೆಯ ಅಧ್ಯಾಯದ ಹಾಳೆಗಳನ್ನು ಒಂದೊಂದಾಗಿ ಒಲೆಗೆ ಹಾಕುತ್ತಿದ್ದಳು.

"ದಿನಾ ಬಾಯಿ ಬಡ್ಕೊಂಡೆನಲ್ಲೇ ಮಗಳೇ! ಆ ಬಾವಿ ನೀರಲ್ಲಿ ವಿಷ ಇದೆ, ಕುಡಿದೇ ಈ ಮನೇಲಿ ಮೂರು ಜನ ಹೋದ್ರು, ಮುಟ್ಟಬೇಡ ಅಂತ. ನೀನು ಅವನಿಗೆ ತಿಳಿಯೋ ಹಾಗೆ ಹೇಳಲಿಲ್ವಾ?"

"ದಿನಾ ಹೇಳ್ದೆ ಅಜ್ಜಿ," ಎಂದಳು ಅವಳು. "ಅವರು ನಂಬಲೇ ಇಲ್ಲ."